ಮೂತ್ರಪಿಂಡದ ರೋಗಿಗೆ ಹೃದಯಾಘಾತವೇಕೆ?

2025ರ ಜೂನ್ ತಿಂಗಳನ್ನು ಹಾಸನ ಜಿಲ್ಲೆಯವರು ಅಷ್ಟು ಬೇಗ ಮರೆಯಲಾರರು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂದು ದಿನವೂ ಸುದ್ದಿ. ಅವರಲ್ಲಿ ಹರೆಯದವರೂ ಇದ್ದುದರಿಂದ ಜನರಿಗೆ ದಿಗಿಲು ಹತ್ತಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಸರತಿಯ ಸಾಲು. ಎದೆನೋವು ಇದ್ದವರೂ ಇಲ್ಲದವರೂ ಅದರಲ್ಲಿ ನಿಂತಿದ್ದರು. ಕೊನೆಗೆ ಸರಕಾರವು ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. 20 ಹೃದಯಕ್ಕೆ ಸಂಬಂಧಿಸಿದವು, ಉಳಿದ ನಾಲ್ಕಕ್ಕೆ ಬೇರೆ ಕಾರಣಗಳಿದ್ದವು, ಹೃದಯಾಘಾತಗಳಲ್ಲಿ ಅಸಹಜವಾದ ಏರಿಕೆಯೇನೂ ಕಂಡುಬಂದಿಲ್ಲ ಎಂದು ಜುಲೈಯಲ್ಲಿ ವರದಿ ಬಂತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಮದ್ಯಪಾನ ಎಂಬ ಹಳೆಯ ಅಪರಾಧಿಗಳ ಹೆಸರೇ ಅದರಲ್ಲಿತ್ತು.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, "ಇಸಿಜಿ ಮಾಡಿಸಿದಿರಾ?" ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿ ಮುಂದೆ ಎಲ್ಲೆಲ್ಲೂ ಅದೇ. "ಮೂತ್ರ ಪರೀಕ್ಷೆ ಮಾಡಿಸಿದಿರಾ?" ಎಂದು ಯಾರಾದರೂ ಯಾರನ್ನಾದರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಹೃದಯಾಘಾತಕ್ಕೂ ಮೂತ್ರಕ್ಕೂ ಎಲ್ಲಿಯ ಸಂಬಂಧ ಎಂದು ನಿಮಗೂ ಅನಿಸಬಹುದು. ಆ ಸಂಬಂಧವನ್ನು ಹೇಳಲೆಂದೇ ಈ ತಿಂಗಳ ಬರಹ.

ಇದಕ್ಕೆ ಕಾರಣಳಾದವಳು ಬಾಳ್ಳುಪೇಟೆ ಕಡೆಯ ಒಬ್ಬ ಸಹೋದರಿ. ಮದುವೆಯೊಂದರಲ್ಲಿ ಊಟದ ನಂತರ ನನ್ನನ್ನು ಪಕ್ಕಕ್ಕೆ ಕರೆದಳು. ಅವಳ ಅತ್ತೆಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಅದರಿಂದ ಕಿಡ್ನಿ ಕೆಟ್ಟಿತು. ಕೊನೆಯ ಎರಡು ವರ್ಷ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕರೆದುಕೊಂಡು ಹೋಗುವುದು, ಕರೆತರುವುದು, ಅಳೆದು ನೀರು ಕೊಡುವುದು, ತರಕಾರಿ ಬೇಯಿಸಿ ನೀರು ಬಸಿಯುವುದು ಎಲ್ಲವನ್ನೂ ಈ ಸೊಸೆಯೇ ಮಾಡಿದಳು. ಒಂದು ರಾತ್ರಿ ಅತ್ತೆಗೆ ಏದುಸಿರು ಬಂತು. ಆಸ್ಪತ್ರೆ ಮುಟ್ಟುವ ಮುಂಚೆ ಎಲ್ಲ ಮುಗಿದಿತ್ತು. ಹೃದಯಾಘಾತ ಎಂದರು ವೈದ್ಯರು.

"ಅಕ್ಕಾ, ಅವರಿಗೆ ಹಾರ್ಟ್ ಕಾಯಿಲೆ ಇರಲೇ ಇಲ್ಲ. ನಾನು ನೋಡಿಕೊಂಡಿದ್ದು ಕಿಡ್ನಿಯನ್ನು. ಹಿಂದಿನ ದಿನ ಅರ್ಧ ಬಾಳೆಹಣ್ಣು ಕೇಳಿದರು, ಕೊಟ್ಟೆ. ಅದಕ್ಕೇ ಹೀಗಾಯಿತು ಅಂತ ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ಹೌದಾ?"

ಡಯಾಲಿಸಿಸ್ ಮಾಡಿಸುವವರು ಬಾಳೆಹಣ್ಣಿನಲ್ಲಿ ಎಚ್ಚರವಾಗಿರಬೇಕು ಎಂಬುದು ಸರಿ. ಆದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಅರ್ಧ ಬಾಳೆಹಣ್ಣಿನಿಂದಲ್ಲ, ಒಂದು ದಿನದಲ್ಲೂ ಅಲ್ಲ. ಅದರ ಕೆಲಸ ಅತ್ತೆಯ ಡಯಾಲಿಸಿಸ್ ಶುರುವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ, ಈ ಹುಡುಗಿ ಸೊಸೆಯಾಗಿ ಬರುವ ಮೊದಲೇ ಆರಂಭವಾಗಿತ್ತು. ಅಷ್ಟನ್ನು ಅವಳಿಗೆ ಅಲ್ಲಿಯೇ ಹೇಳಿದೆ. ಉಳಿದದ್ದನ್ನು ಹೇಳಲು ಮದುವೆ ಮನೆಯ ಗದ್ದಲ ಬಿಡಲಿಲ್ಲ.

ಕಿಡ್ನಿ ರೋಗಿಯ ಹೃದಯ ಕೆಡುತ್ತದೆಂಬುದು ಇಂದು ನಿನ್ನೆ ತಿಳಿದ ವಿಷಯವಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯರು ಮೂತ್ರಪಿಂಡ ಕೆಟ್ಟು ಸತ್ತವರ ದೇಹಗಳನ್ನು ಪರೀಕ್ಷಿಸಿ, ಅವರಲ್ಲಿ ಅನೇಕರ ಹೃದಯ ದಪ್ಪವಾಗಿರುವುದನ್ನು 1836ರಲ್ಲಿಯೇ ಬರೆದಿಟ್ಟರು. ಅಮೆರಿಕದ ಸಿಯಾಟಲ್ ನಗರದಲ್ಲಿ 1960ರಲ್ಲಿ ದೀರ್ಘಕಾಲದ ಡಯಾಲಿಸಿಸ್ ಆರಂಭವಾದಾಗ, ಇನ್ನು ಕಿಡ್ನಿ ಹೋದರೂ ಮನುಷ್ಯ ಬದುಕುತ್ತಾನೆ ಎಂದು ಎಲ್ಲರಿಗೂ ಸಂತೋಷ. ಆದರೆ ಅದೇ ಊರಿನ ವೈದ್ಯರು 39 ಮಂದಿ ಡಯಾಲಿಸಿಸ್ ರೋಗಿಗಳ ಲೆಕ್ಕವನ್ನು 1974ರಲ್ಲಿ ಪ್ರಕಟಿಸಿದರು. 23 ಮಂದಿ ತೀರಿಕೊಂಡಿದ್ದರು. ಅವರಲ್ಲಿ 14 ಮಂದಿಯ ಸಾವಿಗೆ ರಕ್ತನಾಳಗಳು ಗಡಸಾಗಿ ಕಟ್ಟಿಕೊಂಡದ್ದೇ ಕಾರಣ. ಯಂತ್ರ ಕಿಡ್ನಿಯ ಕೆಲಸ ಮಾಡಿಕೊಟ್ಟಿತ್ತು, ರಕ್ತನಾಳವನ್ನು ಕಾಯಲಿಲ್ಲ.

ಡಯಾಲಿಸಿಸ್‌ವರೆಗೆ ಹೋದವರ ಕಥೆ ಮಾತ್ರ ಇದು ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ 11 ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಿಡ್ನಿಯ ಶಕ್ತಿ 60ಕ್ಕಿಂತ ಕೆಳಗಿಳಿದ ಕೂಡಲೇ, ಅಂದರೆ ರೋಗಿಗೆ ಇನ್ನೂ ಯಾವ ತೊಂದರೆಯೂ ಕಾಣದ ಹಂತದಲ್ಲಿಯೇ, ಹೃದಯದ ಅಪಾಯ ಏರತೊಡಗುತ್ತದೆ ಎಂದು ಅದರಿಂದ ತಿಳಿಯಿತು. ಶಕ್ತಿ 15ರಿಂದ 29ರ ನಡುವೆ ಇದ್ದವರಲ್ಲಿ ಆ ಅಪಾಯ ಸುಮಾರು ಮೂರು ಪಟ್ಟು. ಸಾಧಾರಣ ಕಿಡ್ನಿ ರೋಗಿಗಳಲ್ಲಿ ಡಯಾಲಿಸಿಸ್ ಹಂತಕ್ಕೆ ತಲಪುವವರಿಗಿಂತ, ಅದಕ್ಕೆ ಮೊದಲೇ ಹೃದಯದ ಕಾರಣದಿಂದ ತೀರಿಕೊಳ್ಳುವವರೇ ಹೆಚ್ಚು. ಮನೆಯವರೆಲ್ಲ ಕ್ರಿಯಾಟಿನಿನ್ ಎಂಬ ಒಂದೇ ಅಂಕೆಯ ಮೇಲೆ ಕಣ್ಣಿಟ್ಟು ಕುಳಿತಿರುವಾಗ ಕಳ್ಳ ಹಿತ್ತಿಲ ಬಾಗಿಲಿನಿಂದ ನುಗ್ಗುತ್ತಾನೆ.

ಬಿಪಿ, ಸಕ್ಕರೆ, ಕೊಬ್ಬು, ಇವುಗಳಿಂದಲೇ ಹೀಗಾಗುತ್ತದೆ ಎಂದು ಮೊದಲು ಭಾವಿಸಲಾಗಿತ್ತು. ಅವುಗಳ ಪಾಲು ಇದ್ದೇ ಇದೆ. ಆದರೆ ಅವೆಲ್ಲವನ್ನೂ ಕೂಡಿ ಕಳೆದ ಮೇಲೂ ಲೆಕ್ಕ ಸರಿ ಹೋಗುತ್ತಿರಲಿಲ್ಲ. ಉಳಿದ ಬಾಕಿಗೆ ಸಿಕ್ಕಿದ ಉತ್ತರಗಳಲ್ಲಿ ಮುಖ್ಯವಾದದ್ದು ಉರಿಯೂತ.

ಉರಿಯೂತವೆಂದರೆ ನಿಮಗೆ ಗೊತ್ತಿರುವುದೇ. ಕಾಫಿ ಕೊಯ್ಯುವಾಗ ಕಡ್ಡಿ ಚುಚ್ಚುತ್ತದೆ. ಬೆರಳು ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ದೇಹದ ಕಾವಲುಗಾರರು ಅಲ್ಲಿಗೆ ಓಡಿ ಬಂದು ಕೊಳೆಯೊಂದಿಗೆ ಹೋರಾಡುತ್ತಿದ್ದಾರೆ ಎಂದು ಅರ್ಥ. ನಾಲ್ಕು ದಿನದಲ್ಲಿ ಎಲ್ಲ ಇಳಿದು ಹೋಗುತ್ತದೆ. ಇದು ನಮ್ಮನ್ನು ಉಳಿಸುವ ಉರಿಯೂತ. ಇದು ಇಲ್ಲದಿದ್ದರೆ ಒಂದು ಮುಳ್ಳು ಚುಚ್ಚಿ ನಾವು ಸತ್ತೇವು.

ಕಿಡ್ನಿ ರೋಗಿಯ ಉರಿಯೂತ ಬೇರೆ ಜಾತಿಯದು. ಭತ್ತದ ಹೊಟ್ಟಿನ ರಾಶಿಗೆ ಕಿಡಿ ಬಿದ್ದದ್ದನ್ನು ನೋಡಿದ್ದೀರಲ್ಲವೇ? ಜ್ವಾಲೆ ಕಾಣುವುದಿಲ್ಲ. ಮೇಲೆ ಬೂದಿ, ಒಳಗೆ ಕೆಂಡ. ದಿನಗಟ್ಟಲೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ರೋಗಿಗೆ ಜ್ವರವಿಲ್ಲ, ನೋವಿಲ್ಲ, ಊತವೂ ಇಲ್ಲದಿರಬಹುದು. ಆದರೆ ಕಾವಲುಗಾರರು ಹಗಲಿರುಳು ದೊಣ್ಣೆ ಹಿಡಿದು ತಿರುಗುತ್ತಲೇ ಇರುತ್ತಾರೆ. ಹೊಡೆಯಲು ಶತ್ರು ಸಿಗದಿದ್ದಾಗ ಸ್ವಂತ ಮನೆಯ ಗೋಡೆಗೇ ಹೊಡೆಯುತ್ತಾರೆ. ಆ ಗೋಡೆಯೆಂದರೆ ರಕ್ತನಾಳದ ಒಳಪೊರೆ.

ಕೆಂಡಕ್ಕೆ ಗಾಳಿ ಬೀಸುವವರು ಒಬ್ಬಿಬ್ಬರಲ್ಲ. ಕಾವಲುಗಾರರನ್ನು ಕೆರಳಿಸುವ ರಾಸಾಯನಿಕಗಳನ್ನು ಹೊರಹಾಕಲು ನೆರವಾಗುವುದು ಕಿಡ್ನಿಯೇ. ಅದು ಸೋತಾಗ ಅವು ರಕ್ತದಲ್ಲಿ ಉಳಿಯುತ್ತವೆ. ಹೊರ ಹೋಗದ ಯೂರಿಯ ಕರುಳಿಗೆ ಇಳಿಯುತ್ತದೆ. ಅಲ್ಲಿಯ ಬ್ಯಾಕ್ಟೀರಿಯಗಳು ಅದನ್ನು ಅಮೋನಿಯ ಮಾಡುತ್ತವೆ, ಕರುಳಿನ ಗೋಡೆ ಸಡಿಲವಾಗುತ್ತದೆ, ಕರುಳಿನೊಳಗೇ ಇರಬೇಕಾದ ವಿಷ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೋರುತ್ತದೆ. ಅದೇ ಬ್ಯಾಕ್ಟೀರಿಯಗಳಿಂದ ಹುಟ್ಟುವ ಇಂಡಾಕ್ಸಿಲ್ ಸಲ್ಫೇಟ್ ಎಂಬ ಇನ್ನೊಂದು ವಿಷವನ್ನು ಒಳ್ಳೆಯ ಕಿಡ್ನಿ ಮೂತ್ರದಲ್ಲಿ ಕಳಿಸಿಬಿಡುತ್ತದೆ. ಕೆಟ್ಟ ಕಿಡ್ನಿಯವರಲ್ಲಿ ಅದು ಶೇಖರವಾಗಿ ರಕ್ತನಾಳವನ್ನು ಕೊರೆಯುತ್ತದೆ. ಡಯಾಲಿಸಿಸ್ ಕೂಡ ಅದನ್ನು ಪೂರ್ತಿ ತೆಗೆಯಲಾರದು. ಮೈಯಲ್ಲಿ ನಿಂತ ನೀರು, ಹೊಟ್ಟೆಯ ಬೊಜ್ಜು, ಹುಳುಕು ಹಲ್ಲು, ಕಾಲಿನ ಗಾಯ, ಕತ್ತಿಗೆ ಹಾಕಿದ ಡಯಾಲಿಸಿಸ್ ನಳಿಕೆ, ಇವೆಲ್ಲ ಸೇರಿ ಒಲೆ ಆರದಂತೆ ನೋಡಿಕೊಳ್ಳುತ್ತವೆ.

ಇದರ ಪರಿಣಾಮವಾಗಿ ರಕ್ತನಾಳದ ಒಳಗೆ ಕೊಬ್ಬಿನ ದಿಬ್ಬಗಳು ಬೇಗ ಬೆಳೆಯುತ್ತವೆ. ಬೆಳೆದದ್ದು ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ರಂಜಕ ಹೆಚ್ಚಾದವರಲ್ಲಿ ನಾಳದ ಗೋಡೆಗೆ ಸುಣ್ಣ ಹತ್ತಿ ಅದು ಕೊಳವೆಯಂತೆ ಗಡಸಾಗುತ್ತದೆ. ಹೃದಯದ ಸ್ನಾಯು ದಪ್ಪಗಾಗುತ್ತದೆ. ಇನ್ನೂ ಒಂದು ಮಾತಿದೆ. ಹೆಪ್ಸಿಡಿನ್ ಎಂಬ ಹಾರ್ಮೋನ್ ಉರಿಯೂತದಿಂದ ಹೆಚ್ಚಿ, ದೇಹದಲ್ಲಿರುವ ಕಬ್ಬಿಣವನ್ನೇ ಬೀಗ ಹಾಕಿ ಇಟ್ಟುಬಿಡುತ್ತದೆ. "ಎಷ್ಟು ಇಂಜೆಕ್ಷನ್ ಕೊಟ್ಟರೂ ಅಮ್ಮನಿಗೆ ರಕ್ತ ಏರುವುದಿಲ್ಲ" ಎಂದು ಕೊರಗುವ ಮನೆಗಳಲ್ಲಿ ಎಷ್ಟೋ ಸಲ ಅಡಗಿರುವುದು ಈ ಬೀಗವೇ. ಆಗ ಹೆಚ್ಚು ಇಂಜೆಕ್ಷನ್ನಿಗಿಂತ ಮೈಯಲ್ಲಿ ಎಲ್ಲಿ ಸೋಂಕು ಇದೆ ಎಂದು ಹುಡುಕುವುದೇ ಉಪಯುಕ್ತ.

ಈ ಕೆಂಡದ ಹೊಗೆಯನ್ನು ಅಳೆಯುವ ರಕ್ತ ಪರೀಕ್ಷೆಗೆ ಸಿಆರ್‌ಪಿ ಎನ್ನುತ್ತಾರೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ 1930ರಲ್ಲಿ ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಕಂಡುಹಿಡಿದ ಪ್ರೊಟೀನು ಇದು. ಸ್ವೀಡನ್ನಿನ ಕರೊಲಿನ್ಸ್ಕ ಸಂಸ್ಥೆಯವರು 1999ರಲ್ಲಿ, ಇನ್ನೂ ಡಯಾಲಿಸಿಸ್ ಶುರುವಾಗದ ನೂರಕ್ಕೂ ಹೆಚ್ಚು ಕಿಡ್ನಿ ರೋಗಿಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಸಿಆರ್‌ಪಿ ಏರಿತ್ತು. ಅವರು ಇನ್ನೊಂದು ವಿಷಯವನ್ನೂ ಗಮನಿಸಿದರು. ಉರಿಯೂತ, ಮೈ ಸೊರಗುವುದು, ರಕ್ತನಾಳ ಕಟ್ಟುವುದು, ಈ ಮೂರೂ ಕೈಕೈ ಹಿಡಿದು ಬರುತ್ತವೆ. ಹಾಗೆಂದು ನೀವು ನಾಳೆಯೇ ಲ್ಯಾಬಿಗೆ ಓಡಿ ಸಿಆರ್‌ಪಿ ಮಾಡಿಸಬೇಕಾಗಿಲ್ಲ. ನೆಗಡಿ ಬಂದರೂ ಅದು ಏರುತ್ತದೆ. ವೈದ್ಯರು ಹೇಳಿದಾಗ ಮಾಡಿಸಿದರೆ ಸಾಕು.

ಹೊಗೆ ಕಂಡಿತು, ಬೆಂಕಿಯೇ ಹೃದಯವನ್ನು ಸುಟ್ಟಿತೆಂದು ಏನು ಆಧಾರ? ಒಮ್ಮೆ ಹೃದಯಾಘಾತವಾದ ಹತ್ತು ಸಾವಿರ ಮಂದಿಯ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2017ರಲ್ಲಿ ಬಂತು. ಕ್ಯಾನಕಿನುಮಾಬ್ ಎಂಬ ಔಷಧಿ ಕೊಬ್ಬನ್ನು ಮುಟ್ಟದೆ ಉರಿಯೂತವನ್ನು ಮಾತ್ರ ತಗ್ಗಿಸಿತು, ಹೃದಯಾಘಾತಗಳು ಕಡಿಮೆಯಾದವು. ಅವರಲ್ಲಿ ಕಿಡ್ನಿ ಶಕ್ತಿ 60ಕ್ಕಿಂತ ಕಡಿಮೆಯಿದ್ದವರಿಗೂ ಅದೇ ಲಾಭ ಕಂಡಿತು. ಆದರೆ ಸೋಂಕಿನಿಂದ ಸಾಯುವವರು ಸ್ವಲ್ಪ ಹೆಚ್ಚಾದರು, ಬೆಲೆಯೂ ಆಕಾಶಕ್ಕೆ. ಹಾಗಾಗಿ ನಮ್ಮ ನಿಮ್ಮ ಮನೆಗೆ ಅದು ಬರಲಿಲ್ಲ. ಗೌಟ್ ನೋವಿಗೆ ಕೊಡುವ ಕೊಲ್ಚಿಸಿನ್ ಎಂಬ ಅಗ್ಗದ ಮಾತ್ರೆಯೂ ಹೃದಯಕ್ಕೆ ಒಳ್ಳೆಯದೆಂದು ಈಗ ಕೇಳುತ್ತೀರಿ. ಕಿಡ್ನಿ ಬಹಳ ಸೋತವರಿಗೆ ಅದು ವಿಷವಾಗಬಲ್ಲದು. ಯಾರದೋ ಮಾತು ಕೇಳಿ ಅಂಗಡಿಯಿಂದ ತಂದು ಕೊಡಬೇಡಿ.

ದುಬಾರಿ ಔಷಧಿಯ ಮಾತು ಅಲ್ಲಿರಲಿ. ಕೆಂಡಕ್ಕೆ ಗಾಳಿ ಬೀಸುವವರಲ್ಲಿ ಹಲವರು ನಮ್ಮ ಮನೆಯೊಳಗೇ ಇದ್ದಾರೆ.

ಮೊದಲು ಬಾಯಿ ತೆರೆಸಿ ನೋಡಿ. ಒಸಡಿನಿಂದ ರಕ್ತ, ಕೀವು, ಅಲ್ಲಾಡುವ ಹಲ್ಲು ಇದ್ದರೆ ಅದು ವರ್ಷಗಟ್ಟಲೆ ಆರದ ಗಾಯ. ಎಲೆಅಡಿಕೆ ಹೊಗೆಸೊಪ್ಪು ಹಾಕುವ ಹಿರಿಯರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ಕಾಯಿಲೆಯೆಂದೇ ಎಣಿಸುವುದಿಲ್ಲ. ಕಿಡ್ನಿ ರೋಗಿಯನ್ನು ಹಲ್ಲಿನ ಡಾಕ್ಟರಲ್ಲಿಗೆ ಕರೆದೊಯ್ಯುವ ಮನೆಯನ್ನು ನಾನು ಇದುವರೆಗೆ ಒಂದೋ ಎರಡೋ ಕಂಡಿದ್ದೇನೆ. ಆಮೇಲೆ ಕಾಲು. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶ ಹೋಗಿರುತ್ತದೆ. ಜಿಗಣೆ ಕಚ್ಚಿದ್ದು, ಚಪ್ಪಲಿ ಉಜ್ಜಿದ್ದು ತಿಳಿಯುವುದಿಲ್ಲ. ಮಳೆಗಾಲದಲ್ಲಿ ಹಾನುಬಾಳು, ಹೆತ್ತೂರು ಕಡೆಯ ಮನೆಗಳಲ್ಲಿ ತಿಂಗಳುಗಟ್ಟಲೆ ಕಾಲು ಒಣಗುವುದೇ ಇಲ್ಲ, ಬೆರಳ ಸಂದಿ ಬೆಳ್ಳಗೆ ಕೊಳೆತಿರುತ್ತದೆ. ರಾತ್ರಿ ಮಲಗುವ ಮೊದಲು ಒಣ ಬಟ್ಟೆಯಿಂದ ಒರೆಸಿ, ದೀಪದ ಬೆಳಕಿನಲ್ಲಿ ಅಂಗಾಲು ನೋಡಿ. ಐದು ನಿಮಿಷದ ಕೆಲಸ.

ಡಯಾಲಿಸಿಸ್ ಬೇಕಾಗಬಹುದೆಂದು ವೈದ್ಯರು ಸೂಚನೆ ಕೊಟ್ಟ ಕೂಡಲೇ ಕೈಯಲ್ಲಿ ಫಿಸ್ಟುಲಾ ಮಾಡಿಸುವ ಬಗ್ಗೆ ಕೇಳಿ. ಅದು ಬಲಿಯಲು ವಾರಗಳೇ ಬೇಕು. "ಆಮೇಲೆ ನೋಡೋಣ" ಎಂದು ಮುಂದೂಡಿದವರಿಗೆ ಕೊನೆಗೆ ತುರ್ತಿನಲ್ಲಿ ಕತ್ತಿಗೆ ನಳಿಕೆ ಹಾಕಬೇಕಾಗುತ್ತದೆ. ಆ ನಳಿಕೆಯೇ ಸೋಂಕಿನ ಬಾಗಿಲು. ಅನಿವಾರ್ಯವಾಗಿ ಹಾಕಿದ್ದರೆ ಆ ಜಾಗಕ್ಕೆ ನೀರು ತಾಗಿಸಬೇಡಿ. ಚಳಿ ಜ್ವರ ಬಂದರೆ ಮನೆಯಲ್ಲಿ ಕಷಾಯ ಕುಡಿಸುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನೋವಿನ ಮಾತ್ರೆಯ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. ಕೊಯ್ಲಿನ ದಿನಗಳಲ್ಲಿ ತೋಟದ ಲೈನ್ ಮನೆಗಳಲ್ಲಿ ಡೈಕ್ಲೋಫೆನಾಕ್ ಮಾತ್ರೆ ಚಾಕೊಲೇಟಿನಂತೆ ಕೈಯಿಂದ ಕೈಗೆ ಹೋಗುತ್ತದೆ. ಸೊಂಟ ನೋವಿಗೆ ಒಂದು, ಮಂಡಿ ನೋವಿಗೆ ಒಂದು. ಈ ಜಾತಿಯ ಮಾತ್ರೆಗಳು ಉರಿಯೂತವನ್ನು ಇಳಿಸುತ್ತವಲ್ಲ, ಹಾಗಾದರೆ ಒಳ್ಳೆಯದಲ್ಲವೇ ಎಂದು ಬುದ್ಧಿವಂತ ಓದುಗರು ಕೇಳಬಹುದು. ಅಲ್ಲ. ಅವು ಮಂಡಿಯ ಊತವನ್ನು ಇಳಿಸುತ್ತವೆ, ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ, ಬಿಪಿ ಏರಿಸುತ್ತವೆ, ಹೃದಯಾಘಾತದ ಅಪಾಯವನ್ನೂ ಹೆಚ್ಚಿಸುತ್ತವೆ. ಕಿಡ್ನಿ ಸೋತವರಿಗೆ ನೋವಿದ್ದರೆ ವೈದ್ಯರನ್ನು ಕೇಳಿ ಪ್ಯಾರಸಿಟಮಾಲ್ ಕೊಡುವುದು ಮೇಲು. ಹೆಸರು ಹೇಳದ ನಾಟಿ ಪುಡಿಗಳ ಬಗ್ಗೆಯೂ ಇದೇ ಎಚ್ಚರಿಕೆ. ಒಳಗೆ ಏನಿದೆ ಎಂದು ಕೊಡುವವನೇ ಹೇಳಲಾರ.

ಇನ್ನು ಅಡುಗೆ ಮನೆ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಮಿಕ್ಕಬಾರದು. ಸಾರಿನ ಉಪ್ಪನ್ನು ನಾವು ಲೆಕ್ಕ ಹಾಕುತ್ತೇವೆ, ಒಣಮೀನು, ಉಪ್ಪಿನಕಾಯಿ, ಹಪ್ಪಳದ ಉಪ್ಪನ್ನು ಮರೆಯುತ್ತೇವೆ. ಮಳೆಗಾಲದ ಮಲೆನಾಡಿನ ಊಟದಲ್ಲಿ ಉಪ್ಪು ಹೆಚ್ಚು ಬರುವುದು ಈ ಮೂರರಿಂದಲೇ.

ಉಪ್ಪಿಗಿಂತ ದೊಡ್ಡ ತಪ್ಪು ಪಥ್ಯದ ಹೆಸರಿನಲ್ಲಿ ಆಗುತ್ತಿದೆ. ಬಾಳ್ಳುಪೇಟೆಯ ಆ ಸಹೋದರಿ ತನ್ನ ಅತ್ತೆಗೆ ಏನು ಕೊಡುತ್ತಿದ್ದಳು ಎಂದು ಕೇಳಿದೆ. ಗಂಜಿ, ಬೇಯಿಸಿ ಬಸಿದ ಸೋರೆಕಾಯಿ. ಮೊಟ್ಟೆ ಇಲ್ಲ, ಮೀನು ಇಲ್ಲ, ಕೋಳಿ ಇಲ್ಲ. ಎರಡು ವರ್ಷದಲ್ಲಿ ಅತ್ತೆಯ ಬಳೆ ಮೊಣಕೈವರೆಗೆ ಜಾರುತ್ತಿತ್ತಂತೆ. ಡಯಾಲಿಸಿಸ್‌ಗೆ ಮೊದಲು ವೈದ್ಯರು ಪ್ರೊಟೀನು ಕಡಿಮೆ ಮಾಡಿ ಎಂದಿದ್ದರು. ಡಯಾಲಿಸಿಸ್ ಶುರುವಾದ ಮೇಲೂ ಅದೇ ಮಾತನ್ನು ಮನೆಯವರು ಹಿಡಿದುಕೊಂಡರು. ಬದಲಾಯಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಡಯಾಲಿಸಿಸ್ ಮಾಡಿಸುವವರಿಗೆ ಪ್ರೊಟೀನು ಹೆಚ್ಚು ಬೇಕು, ಏಕೆಂದರೆ ಪ್ರತಿ ಸಲವೂ ಒಂದಿಷ್ಟು ಯಂತ್ರದಲ್ಲಿ ಸೋರಿ ಹೋಗುತ್ತದೆ. ಮೊಟ್ಟೆಯ ಬಿಳಿ ಭಾಗ, ಹಸಿ ಮೀನು, ಕೋಳಿ, ಇವುಗಳನ್ನು ಎಷ್ಟು ಕೊಡಬಹುದೆಂದು ಡಯಾಲಿಸಿಸ್ ಘಟಕದಲ್ಲಿಯೇ ಕೇಳಿ ಬರೆಸಿಕೊಳ್ಳಿ. ಡಯಾಲಿಸಿಸ್ ರೋಗಿ ತೂಕ ಕಳೆದುಕೊಳ್ಳುವುದು ಒಳ್ಳೆಯ ಲಕ್ಷಣವಲ್ಲ. ಸೊರಗಿದವರಲ್ಲಿಯೇ ಹೃದಯ ಬೇಗ ಸೋಲುತ್ತದೆ. ಇದನ್ನು ಆ ಹುಡುಗಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಬಾಳೆಹಣ್ಣಿನ ಜಾಗದಲ್ಲಿ ಗಂಜಿಯನ್ನು ಇಟ್ಟುಕೊಂಡು ಅಳುತ್ತಿದ್ದಳು. ಇಲ್ಲಿ ಬರೆಯುತ್ತಿರುವುದು ಈಗ ಯಾರದೋ ಅತ್ತೆಗೆ ಗಂಜಿ ಬಡಿಸುತ್ತಿರುವ ಇನ್ನೊಬ್ಬ ಸೊಸೆಗಾಗಿ.

ನಡಿಗೆ ಒಳ್ಳೆಯದು, ಉರಿಯೂತವನ್ನೂ ತಗ್ಗಿಸುತ್ತದೆ. ಆದರೆ ಬೆಳಗಿನ ಜಾವ ವಾಕಿಂಗ್ ಹೋಗಿ ಎಂದು ಬೆಂಗಳೂರಿನ ಡಾಕ್ಟರು ಬರೆದುಕೊಟ್ಟರೆ ಆಲೂರು, ಸಕಲೇಶಪುರದ ತೋಟದವರು ನಗುತ್ತಾರೆ. ಆ ಹೊತ್ತಿನಲ್ಲಿ ರಸ್ತೆ ಆನೆಗಳದ್ದು. ಬಿಸಿಲೇರಿದ ಮೇಲೆ ಕಾಫಿ ಒಣಗಿಸುವ ಕಣದಲ್ಲಿ ಅರ್ಧ ಗಂಟೆ ಸುತ್ತು ಹಾಕಿದರೂ ನಡಿಗೆಯೇ.

ವಾರಕ್ಕೆ ಎರಡೋ ಮೂರೋ ಸಲ ಡಯಾಲಿಸಿಸ್ ಇರುವವರ ಮನೆಯವರು ಇನ್ನೊಂದನ್ನು ನೆನಪಿಡಬೇಕು. ಅಮೆರಿಕದ 32,000 ರೋಗಿಗಳ ದಾಖಲೆ ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರದಲ್ಲಿ ಎರಡು ದಿನ ಬಿಡುವು ಬರುವಲ್ಲಿ, ಆ ದೀರ್ಘ ಬಿಡುವು ಮುಗಿಯುವ ಹೊತ್ತಿಗೆ ಸಾವು ಹೆಚ್ಚು. ನೀರು, ಪೊಟ್ಯಾಸಿಯಂ ಎರಡೂ ತುಂಬಿರುತ್ತವೆ. ಬಾಳೆಹಣ್ಣು, ಎಳನೀರು, ಖರ್ಜೂರದ ಎಚ್ಚರಿಕೆ ಅತ್ಯಂತ ಮುಖ್ಯವಾಗುವುದು ಆ ದಿನಗಳಲ್ಲಿ. ನಮ್ಮವರಲ್ಲಿ ಅನೇಕರು ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡಿದ್ದಾರೆ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ರಸ್ತೆ ಬಂದ್ ಆಗಿತ್ತು. ಅಂಥ ದಿನ ಡಯಾಲಿಸಿಸ್ ತಪ್ಪಿಸಿ "ನಾಳೆ ನೋಡೋಣ" ಎನ್ನುವ ಹಾಗಿಲ್ಲ. ಮಳೆಗಾಲಕ್ಕೆ ಮುಂಚೆಯೇ ಹಾಸನದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಅಥವಾ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಅಗತ್ಯ ಬಿದ್ದರೆ ಎಲ್ಲಿ ಹೇಗೆ ಎಂದು ವಿಚಾರಿಸಿ, ರೋಗಿಯ ಕಾಗದಗಳ ಒಂದು ಪ್ರತಿಯನ್ನು ಚೀಲದಲ್ಲಿ ಸಿದ್ಧವಾಗಿಡಿ.

ರಮಝಾನ್ ಬಂದಾಗ ಹಿರಿಯರೊಂದಿಗೆ ಜಗಳ ಆಗುವುದು ಇದೇ ವಿಷಯಕ್ಕೆ. ಕಿಡ್ನಿ ಬಹಳಷ್ಟು ಸೋತವರಿಗೆ, ಡಯಾಲಿಸಿಸ್‌ನವರಿಗೆ ಉಪವಾಸ ಅಪಾಯಕಾರಿಯೆಂದು ವೈದ್ಯರು ಹೇಳುತ್ತಾರೆ. ರೋಗಿಗೆ ವಿನಾಯಿತಿ ಇದೆಯೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ರೋಗಿಯೇ ಒಪ್ಪುವುದಿಲ್ಲ. ಎರಡು ತಿಂಗಳು ಮೊದಲೇ ವೈದ್ಯರಲ್ಲಿಗೆ ಕರೆದೊಯ್ದು ಅವರ ಬಾಯಿಂದಲೇ ಹೇಳಿಸಿ. ಚಂದ್ರ ಕಂಡ ರಾತ್ರಿ ಚರ್ಚೆ ಮಾಡಿದರೆ ಯಾರೂ ಕೇಳುವುದಿಲ್ಲ.

ಎದೆನೋವೆಂದರೆ ಸಿನಿಮಾದಲ್ಲಿ ತೋರಿಸಿದ ಹಾಗೆ ಎದೆ ಹಿಡಿದು ಬೀಳುವುದು ಎಂದು ತಿಳಿಯಬೇಡಿ. ಸಕ್ಕರೆ, ಕಿಡ್ನಿ ಕಾಯಿಲೆ ಇರುವವರಿಗೆ, ಅದರಲ್ಲೂ ಹೆಂಗಸರಿಗೆ, ನೋವೇ ಬರದಿರಬಹುದು. ಏದುಸಿರು, ತಣ್ಣನೆ ಬೆವರು, ವಾಂತಿ, ದವಡೆಯಲ್ಲೋ ಬೆನ್ನಿನಲ್ಲೋ ಒಂದು ಹಿಡಿತ, ವಿಪರೀತ ಸುಸ್ತು. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿಸಿ ಮಲಗಿಸಿದ ರಾತ್ರಿಗಳ ಕಥೆ ಬೇಕಾದಷ್ಟಿವೆ. ಕಿಡ್ನಿ ರೋಗಿಗೆ ಹೀಗಾದರೆ ಗ್ಯಾಸ್ ಎಂಬ ಪದವನ್ನೇ ಆಡಬೇಡಿ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯೋ ಆಲೂರಿನ ಆಸ್ಪತ್ರೆಯೋ, ಯಾವುದು ಹತ್ತಿರವೋ ಅಲ್ಲಿಗೆ ಮೊದಲು ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಡುವ ಏರ್ಪಾಡು ಇದೆ. ದೊಡ್ಡ ಆಸ್ಪತ್ರೆಯನ್ನೇ ಹುಡುಕಿಕೊಂಡು ಎರಡು ಗಂಟೆ ಕಳೆಯುವುದಕ್ಕಿಂತ ಇದು ಮೇಲು.

ಕೊನೆಗೆ ಮತ್ತೆ ಆ ಮೂತ್ರ ಪರೀಕ್ಷೆ. ಮನೆಯಲ್ಲಿ ಸಕ್ಕರೆ, ಬಿಪಿ ಇರುವವರೆಲ್ಲರೂ, ಕಿಡ್ನಿ ರೋಗಿಯ ಒಡಹುಟ್ಟಿದವರು, ಮಕ್ಕಳು ಕೂಡ, ವರ್ಷಕ್ಕೊಮ್ಮೆ ಎರಡು ಪರೀಕ್ಷೆ ಮಾಡಿಸಬೇಕು. ಒಂದು, ಮೂತ್ರದಲ್ಲಿ ಅಲ್ಬುಮಿನ್ ಕ್ರಿಯಾಟಿನಿನ್ ಅನುಪಾತ. ಅದು 30ರ ಮೇಲೆ ಉಳಿದರೆ ಕಿಡ್ನಿಯ ಜಾಲರಿ ಸೋರುತ್ತಿದೆ, ರಕ್ತನಾಳಗಳೂ ಕೆಡುತ್ತಿವೆ ಎಂದರ್ಥ. ಇನ್ನೊಂದು ರಕ್ತದ ಕ್ರಿಯಾಟಿನಿನ್. ಅದರಲ್ಲೊಂದು ಮೋಸವಿದೆ. 1.2 ಎಂದು ಬಂದರೆ "ನಾರ್ಮಲ್" ಎಂದು ಚೀಟಿ ಮಡಿಸಿಡುತ್ತೇವೆ. ಮೂವತ್ತು ವರ್ಷದ ಗಂಡಸಿಗೆ 1.2 ಎಂದರೆ ಕಿಡ್ನಿಯ ಶಕ್ತಿ ಸುಮಾರು 83. ಅರವತ್ತು ವರ್ಷದ ಹೆಂಗಸಿಗೆ ಅದೇ 1.2 ಎಂದರೆ ಸುಮಾರು 52, ಅಂದರೆ ಅಪಾಯದ ಗೆರೆಯ ಕೆಳಗೆ. ಮೈಯಲ್ಲಿ ಸ್ನಾಯು ಕಡಿಮೆಯಿರುವ ನಮ್ಮ ಹೆಂಗಸರ ಕಿಡ್ನಿ ರೋಗ ತಡವಾಗಿ ಪತ್ತೆಯಾಗಲು ಇದೂ ಒಂದು ಕಾರಣ. "ಇಜಿಎಫ್‌ಆರ್ ಎಷ್ಟು?" ಎಂದು ಕೇಳಿ, ಲ್ಯಾಬಿನವರು ಬರೆದುಕೊಡುತ್ತಾರೆ.

ಬೇಗ ತಿಳಿದರೆ ಮಾಡಲು ಬಹಳವಿದೆ. ಡಯಾಲಿಸಿಸ್ ಆರಂಭವಾದ ಮೇಲೆ ಕೊಬ್ಬಿನ ಮಾತ್ರೆ ಶುರು ಮಾಡಿದವರಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲವೆಂದು 2005 ಮತ್ತು 2009ರ ಪ್ರಯೋಗಗಳು ತೋರಿಸಿದವು. ಅದಕ್ಕೆ ಮೊದಲೇ ಶುರು ಮಾಡಿದರೆ ಹೃದಯಾಘಾತ ತಗ್ಗುತ್ತದೆ. ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆ ಇಲ್ಲದ ಕಿಡ್ನಿ ರೋಗಿಗಳಲ್ಲಿಯೂ ಕಿಡ್ನಿಯನ್ನು ಕಾಯುತ್ತವೆಂದು 2020 ಮತ್ತು 2022ರಲ್ಲಿ ಖಚಿತವಾಯಿತು, ಹೃದಯ ಸೋಲುವುದನ್ನೂ ಅವು ತಡೆಯುತ್ತವೆ. ಮೊದಲನೆಯದರ ಪೇಟೆಂಟ್ ನಮ್ಮ ದೇಶದಲ್ಲಿ ಮೊದಲೇ, ಎರಡನೆಯದರದ್ದು 2025ರ ಮಾರ್ಚಿನಲ್ಲಿ ಮುಗಿದು ಬೆಲೆ ಬಹಳ ಇಳಿದಿದೆ. ಎಲ್ಲರಿಗೂ ಹೊಂದುವುದಿಲ್ಲ, ಗುಪ್ತಾಂಗದಲ್ಲಿ ಬೂಷ್ಟು ಸೋಂಕು ಬರಬಹುದು. ಊಟ ಸೇರದೆ ವಾಂತಿ ಭೇದಿಯಾಗುವ ದಿನ ನಿಲ್ಲಿಸಬೇಕು, ಉಪವಾಸದ ದಿನಗಳ ಬಗ್ಗೆ ಮೊದಲೇ ಕೇಳಿರಬೇಕು. ಆದರೂ "ನಮ್ಮ ಅಮ್ಮನಿಗೆ ಇದು ಆಗುತ್ತದೆಯೇ?" ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಬಾಳ್ಳುಪೇಟೆಯ ಸಹೋದರಿಗೆ ಆಮೇಲೆ ಫೋನ್ ಮಾಡಿದ್ದೆ. ಗಂಡನಿಗೆ ನಲವತ್ತೆರಡು, ಸಕ್ಕರೆ ಶುರುವಾಗಿ ಆರು ವರ್ಷ, ಮೂತ್ರ ಪರೀಕ್ಷೆ ಒಮ್ಮೆಯೂ ಆಗಿಲ್ಲ. ಕಳೆದ ವಾರ ಅವಳೇ ಕರೆ ಮಾಡಿದಳು. ಅನುಪಾತ 140 ಬಂದಿದೆ. ಗಂಡ ಮೊದಲು "ನನಗೇನೂ ಆಗಿಲ್ಲ" ಎಂದನಂತೆ. ಅವಳು ಅತ್ತೆಯ ಹಳೆಯ ಫೈಲು ತೆಗೆದು, ಹತ್ತು ವರ್ಷದ ಹಿಂದಿನ ಒಂದು ಚೀಟಿಯನ್ನು ಅವನ ಮುಂದಿಟ್ಟಳು. ಅದರಲ್ಲಿಯೂ ಮೂತ್ರದಲ್ಲಿ ಅಲ್ಬುಮಿನ್ ಎಂದು ಬರೆದಿತ್ತು, ಯಾರೂ ಓದಿರಲಿಲ್ಲ. ಮಂಗಳವಾರ ಇಬ್ಬರೂ ಹಾಸನಕ್ಕೆ ಹೋಗುತ್ತಿದ್ದಾರೆ.